ಎಂಟನೇ ಪುಟದ ಒಡಪು

"ಏನ್ರಿ ಮೇಡಂ, ಟೇಲರಿಂಗ್ ಕ್ಲಾಸ್ ಶುರು ಮಾಡೀರೇನು?"

ಬಾಗಿಲಲ್ಲಿ ನಿಂತ ನಮ್ಮ ಪ್ರಿನ್ಸಿಪಾಲರ ಪ್ರಶ್ನೆ. ತಪ್ಪೇನಿಲ್ಲ ಬಿಡಿ. ರಾಣೆಬೆನ್ನೂರಿನ ನಮ್ಮ ಕಾಲೇಜಿನ ಸಮಾಜಶಾಸ್ತ್ರದ ಕ್ಲಾಸಿನಲ್ಲಿ ಹುಡುಗಿಯರೆಲ್ಲ ಕತ್ತರಿ, ಅಂಟು ಹಿಡಿದು ಕೂತಿದ್ದರು. "ಇಲ್ರಿ ಸರ್, ರಿಸರ್ಚ್ ನಡದೈತ್ರಿ" ಎಂದೆ. ಅವರು ನಂಬಿದಂತೆ ಕಾಣಲಿಲ್ಲ.

ನಾವು ಮಾಡುತ್ತಿದ್ದದ್ದು ಝೀನ್. ಒಂದೇ ಹಾಳೆ ಮಡಚಿ, ನಡುವೆ ಕತ್ತರಿಸಿದರೆ ಎಂಟು ಪುಟದ ಪುಟ್ಟ ಪುಸ್ತಕ. ಬರೆಯುವವರೂ ನೀವೇ, ಪ್ರಕಾಶಕರೂ ನೀವೇ. ಝೆರಾಕ್ಸ್ ಅಂಗಡಿಯೇ ಪ್ರೆಸ್ಸು. (ಯಾರ ಮುನ್ನುಡಿಗೂ ಕಾಯಬೇಕಿಲ್ಲ, ಅದೇ ದೊಡ್ಡ ಸುಖ.)

ವಿಷಯ, ಒಡಪು. ಮದುವೆ, ಸೀಮಂತದಲ್ಲಿ ಗಂಡನ ಹೆಸರನ್ನು ಪ್ರಾಸ ಕಟ್ಟಿ ಹೇಳುತ್ತಾರಲ್ಲ, ಅದು. ಉಳಿದ ದಿನ "ಇವರು", "ಅವರು" ಎನ್ನುವ ಹೆಂಗಸರು ಅವತ್ತು ಮಾತ್ರ ಹೆಸರು ಹಿಡಿಯುವುದೇಕೆ? ಮನೆಯ ಹೆಂಗಸರನ್ನೇ ಕೇಳಿಕೊಂಡು ಬನ್ನಿ ಎಂದಿದ್ದೆ.

ಮೇಡ್ಲೇರಿಯ ಲತಾ ತಂದ ಝೀನಿನಲ್ಲಿ ಕೊನೆಯ ಪುಟ ಖಾಲಿ.

"ಅದು ಅವ್ವಂದ್ರಿ ಮೇಡಂ. ಒಲ್ಲೆ ಅಂದ್ಲು. ಅಪ್ಪ ಹೋದಮ್ಯಾಲೆ ಅಕಿಗೆ ಯಾರೂ ಒಡಪು ಹೇಳು ಅನ್ನಂಗಿಲ್ರಿ. ಮುಂದಿನ ವಾರ ಅಕ್ಕನ ಮದುವಿ ಐತಿ. ಅಲ್ಲೂ ಕೇಳಂಗಿಲ್ಲ."

ಒಲ್ಲೆ ಎಂದವರನ್ನು ಕಾಡಿ ಬರೆಸಿಕೊಂಡರೆ ಅದೆಂಥ ಸ್ತ್ರೀವಾದ? "ಪುಟ ಹಂಗೇ ಇರಲಿ. ಪುಸ್ತಕ ಅಷ್ಟ ಅವ್ವಗ ತೋರಿಸು" ಎಂದೆ.

ತೋರಿಸಿದಳಂತೆ. ಅವ್ವ ಪುಟ ತಿರುವುತ್ತಾ ಲತಾಳ ಚಿಗವ್ವನ (ಅಂದರೆ ಕಾಕಾನ ಹೆಂಡತಿಯ) ಒಡಪಿಗೆ ಬಂದು ನಿಂತರಂತೆ.

"ಅಯ್ಯ, ಇದು ನಾ ಕಟ್ಟಿದ್ದು. ಅಕಿ ತನ್ನ ಗಂಡನ ಹೆಸರು ಹಾಕ್ಕೊಂಡು ಹೊಡಿಯಾಕತ್ತಾಳ ನೋಡು."

"ಹಂಗಾರ ನಿನ್ನ ಪುಟದಾಗ ನಿಂದು ಬರೀಲೇನು?"

"ಬರಕೋ. ಮಂದಿ ಮುಂದ ಮಾತ್ರ ನಾ ಹೇಳಂಗಿಲ್ಲ."

ಮದುವೆಗೆ ನಾನೂ ಹೋಗಿದ್ದೆ. ಅಕ್ಷತೆ ಬಿದ್ದ ಮೇಲೆ ಹೆಂಗಸರು ಒಬ್ಬೊಬ್ಬರನ್ನೇ ಹಿಡಿದು ಒಡಪು ಹೇಳಿಸಿದರು. ಲತಾಳ ಅವ್ವನ ಹತ್ತಿರ ಬಂದಾಗ ಸರದಿ ಸಲೀಸಾಗಿ ಮುಂದಕ್ಕೆ ಹಾರಿತು. ಯಾರಿಗೂ ಕೆಟ್ಟ ಮನಸ್ಸಿಲ್ಲ. ರೂಢಿ, ಅಷ್ಟೇ.

"ಅವ್ವಾ, ನೀ ಹೇಳು" ಎಂದಳು ಮದುಮಗಳು.

ಅವ್ವ ಸೆರಗು ಸರಿಮಾಡಿಕೊಂಡು, ತಲೆ ತಗ್ಗಿಸಿಯೇ ಆ ಎಂಟನೇ ಪುಟದ ಒಡಪು ಹೇಳಿದರು:

"ಬ್ಯಾಡಗಿ ಮೆಣಸಿನಕಾಯಿ ಬಣ್ಣ ಕೆಂಪ, ಗಡಿಗ್ಯಾನ ನೀರು ಕುಡದರ ತಂಪ, ಬಸವರಾಜರ ಹೆಸರು ಹೇಳಿದರ ಕಿವಿಗೆ ಇಂಪ."

ಹಿಂದೆ ಕೂತ ಮುದುಕಿಯೊಬ್ಬರು "ಇದೇನ ಚಂದ?" ಎಂದು ಗೊಣಗಿದರು. ಚಂದವೇ ಇತ್ತು. ಕೇಳಿ ನನ್ನ ಕಣ್ಣು ತುಂಬಿ ಬಂತು.

ಗಂಡ ಸತ್ತರೆ ಅವನ ಹೆಸರೂ ಹೆಂಡತಿಯ ಬಾಯಲ್ಲಿ ಸಾಯಬೇಕೆಂದು ಹೇಳಿದವರು ಯಾರು?