ವೇಷದ ಪೆಟ್ಟಿಗೆಗೆ ಬಿದ್ದ ಸನ್ಮಾನದ ಪೇಟ

ಸ್ನೇಹಿತರೇ, ನಮ್ಮ ಮನೆಯ ಮರ್ಯಾದೆ ಬೀರುವಿನ ಮೇಲಿನ ಸೂಟ್‌ಕೇಸಿನಲ್ಲಿದೆ ಎಂದು ನನಗೆ ಇವತ್ತೇ ಗೊತ್ತಾಗಿದ್ದು.

ನಾಲ್ಕು ವರ್ಷದ ಮಗಳು ವೇಷ ಹಾಕಿ ಆಡಲೆಂದು ಮಾವಿನಹಣ್ಣಿನ ರಟ್ಟಿನ ಪೆಟ್ಟಿಗೆಯೊಂದನ್ನು ತುಂಬಿಸುತ್ತಿದ್ದೆ. ನನ್ನ ಹಳೇ ದುಪಟ್ಟಾ, ಗಂಡನ ಕೂಲಿಂಗ್ ಗ್ಲಾಸು, ಜೊತೆಗೆ ಮಾವನವರದೊಂದು ಪೇಟ, ಒಂದು ಶಾಲು. ಮಾವ ಊರಿನ ಹಾಲಿನ ಡೇರಿಯ ಮಾಜಿ ಅಧ್ಯಕ್ಷರು. ಸನ್ಮಾನದಲ್ಲಿ ಬಂದ ಪೇಟಗಳು ಆ ಸೂಟ್‌ಕೇಸಿನಲ್ಲಿ ರಾಶಿ ಬಿದ್ದಿವೆ, ಒಂದು ಹೋದರೆ ಗೊತ್ತಾಗುವುದಿಲ್ಲ ಎಂದುಕೊಂಡಿದ್ದೆ.

ಗೊತ್ತಾಯಿತು.

"ಏನಮ್ಮಾ, ಮುಳಬಾಗಿಲಲ್ಲಿ ಸ್ಟೇಜ್ ಮೇಲೆ ಕೂರ್ಸಿ ಹಾಕಿದ್ ಪೇಟ ಅದು. ಆಟದ ಸಾಮಾನಾ?" ಎಂದರು ಮಾವ.

ನಾನು ಬಾಯಿ ಬಿಡುವ ಮೊದಲೇ ಮಗಳು ಅವರನ್ನು ಕುರ್ಚಿಯಲ್ಲಿ ಕೂರಿಸಿ, ಶಾಲು ಹೊದಿಸಿ, ತಲೆಗೆ ಪೇಟ ಇಟ್ಟಳು. ಮಾವನ ಸಿಟ್ಟು ಇಳಿಯಿತು. ಫೋಟೋಗೆಂದು ಬೆನ್ನು ನೆಟ್ಟಗೆ ಮಾಡಿದರು. ನಾನು ಮೊಬೈಲ್ ತೆಗೆಯುವಷ್ಟರಲ್ಲಿ ಮಗಳು ಪೇಟ ಕಿತ್ತುಕೊಂಡಳು.

"ನಿಂದಾಯ್ತು ತಾತ, ಎದ್ದೇಳು. ಅಜ್ಜಿ, ನೀನ್ ಬಾ."

ನಮ್ಮ ಮನೆಯಿಂದ ಡೇರಿಗೆ ಹೋದ ಹಾಲನ್ನೆಲ್ಲ ಇಷ್ಟು ವರ್ಷ ಕರೆದವರು ಅತ್ತೆ. ಅವರಿಗೆ ಈವರೆಗೆ ಯಾರೂ ಒಂದು ಹಾರ ಹಾಕಿದ್ದಿಲ್ಲ. ಕೈ ಒರೆಸಿಕೊಂಡು ಬಂದು ಕೂತರು. ಪೇಟ ಸರಿಯಾಗಿ ಕೂತಿತು.

"ಸಾಕು, ತೆಗಿಯೇ," ಎಂದರು ಮಾವ.

"ಭಾಷಣ ಇನ್ನೂ ಬಾಕಿ ಇದೆ. ನೀವು ಕೆಳಗ್ ಕೂತ್ಕೊಳ್ಳಿ," ಎಂದರು ಅತ್ತೆ.

ಈಗ ಸಂಜೆ. ಅತ್ತೆ ಪೇಟ ಹಾಕಿಕೊಂಡೇ ಹಾಲು ಕರೆಯುತ್ತಿದ್ದಾರೆ. ಹಸುವಿಗೆ ಇಲ್ಲದ ತಕರಾರು ಮಾವನವರಿಗೆ.