ಕಾಯಿ ಒಡೆದ ಮೇಲೆ ಬಾಗಿಲು ನಿಮ್ಮದು

ಕಳೆದ ಭಾನುವಾರ ನಾವು ಕಾರಿನ ಬಾಗಿಲನ್ನು ಸೀರೆಯಿಂದ ಕಟ್ಟಿಕೊಂಡು ಮನೆ ಬಿಟ್ಟೆವು. ನಮ್ಮ ಅತ್ತೆಯ ಹಳೆಯ ಇಳಕಲ್ ಸೀರೆ. ಹೊರಗಿನಿಂದ ನೋಡಿದವರಿಗೆ ಗಾಡಿ ಥಳಥಳ. ಒಳಗೆ ಹಿಂದಿನ ಎಡಬಾಗಿಲಿನ ಹಿಡಿಕೆಯಿಂದ ಮುಂದಿನ ಸೀಟಿನವರೆಗೆ ಬಿಗಿದ ಗಂಟು.

ನಗಬೇಡಿ. ನನಗೆ ಅವತ್ತು ನಗು ಬಂದಿರಲಿಲ್ಲ. ಆ ಬಾಗಿಲಿಗೆ ಒರಗಿ ಕೂರುವುದು ನನ್ನ ಎರಡೂವರೆ ವರ್ಷದ ಮಗಳು ಅಕ್ಕು. (ಬಲಗಡೆ ಕೂರಿಸಬಹುದಿತ್ತಲ್ಲ ಎನ್ನುತ್ತೀರಿ. ಅಷ್ಟು ವಯಸ್ಸಿನ ಮಗುವನ್ನು ಕಾರಿನಲ್ಲಿ ಒಂದೇ ಕಡೆ ಕೂರಿಸಿದವರು ಯಾರಾದರೂ ಇದ್ದರೆ ವಿಳಾಸ ಕೊಡಿ, ಬಂದು ಕಾಲಿಗೆ ಬೀಳುತ್ತೇನೆ.)

ಸರಿ, ಮೊದಲಿನಿಂದ ಹೇಳುತ್ತೇನೆ.

ಹೋದ ತಿಂಗಳು ಕಲ್ಹೇರ್‌ನಲ್ಲಿ ಒಂದು ಗೃಹಪ್ರವೇಶ ಮುಗಿಸಿಕೊಂಡು ನಾರಾಯಣಖೇಡ ಕಡೆ ಬರುತ್ತಿದ್ದೆವು. ಗಾಡಿ ಓಡಿಸುವುದು ನಾನು. ನಮ್ಮ ಯಜಮಾನರಿಗೆ ಡ್ರೈವಿಂಗ್ ಬರುವುದಿಲ್ಲ. ಆದರೆ ಪಕ್ಕದಲ್ಲಿ ಕೂತು ಇಲ್ಲದ ಬ್ರೇಕ್ ಒತ್ತುವುದು ಮಾತ್ರ ಬಿಟ್ಟಿಲ್ಲ. ರಸ್ತೆಗೆ ಅಡ್ಡ ಕುರಿಹಿಂಡು ಬಂತು, ನಿಲ್ಲಿಸಿದೆ. ನಾನು ಕುರಿ ಕಾಯುವವರ ಮನೆ ಮಗಳು, ಕುರಿಗೆ ಹಾರ್ನ್ ಹೊಡೆದು ಪ್ರಯೋಜನವಿಲ್ಲ ಅಂತ ಗೊತ್ತು. ಹಿಂದೆ ಬರುತ್ತಿದ್ದ ಕಬ್ಬಿನ ಟ್ರ್ಯಾಕ್ಟರಿನವನಿಗೆ ಗೊತ್ತಿರಲಿಲ್ಲ. ಪಕ್ಕಕ್ಕೆ ಎಳೆದ. ಟ್ರಾಲಿಯ ಬಾಲ ತಿರುಗಿ ನಮ್ಮ ಎಡಬಾಗಿಲಿಗೆ ಬಡಿಯಿತು.

ಯಾರಿಗೂ ಏನೂ ಆಗಲಿಲ್ಲ. ಬಾಗಿಲು ಮಾತ್ರ ರೊಟ್ಟಿ ಹಂಚಿನಂತೆ ಒಳಗೆ ಬಾಗಿತು.

ನಮ್ಮೂರು ಜಹೀರಾಬಾದ್‌ನಲ್ಲಿ ಹೈವೇ ಪಕ್ಕ ಯೂಸುಫ್ ಭಾಯಿಯ ಶೆಡ್ಡು ಇದೆ. ತಗಡು ಬಡಿಯುವುದು, ಬಣ್ಣ ಹೊಡೆಯುವುದು, ಎರಡೂ ಅಲ್ಲೇ. ಅವನ ಶೆಡ್ಡಿನ ಮೂಲೆಯಲ್ಲಿ ಒಂದು ಬುಟ್ಟಿ ತೆಂಗಿನಕಾಯಿ, ಪಕ್ಕದಲ್ಲಿ ಲಿಂಬೆಹಣ್ಣು. ಹಿಂದೂ ಗಿರಾಕಿಗಳಿಗಾಗಿ ಅವನೇ ತರಿಸಿಡುತ್ತಾನೆ. ಗಾಡಿ ರೆಡಿಯಾದರೆ ಕಾಯಿ ಕೈಗೆ ಕೊಡುತ್ತಾನೆ. ಮುಂದಿನ ಚಕ್ರದ ಬಳಿ ಒಡೆದು, ಲಿಂಬೆಹಣ್ಣು ತುಳಿಸಿಕೊಂಡು ಹೊರಡಬೇಕು. ಅಲ್ಲಿ ಒಂದು ಅಲಿಖಿತ ಕಾನೂನೂ ಉಂಟು: ಕಾಯಿ ಒಡೆಯುವವರೆಗೆ ತಕರಾರು ಮಾಡಬಹುದು. ಒಡೆದ ಮೇಲೆ ಗಾಡಿ ನಿಮ್ಮದು, ಹಣೆಬರಹವೂ ನಿಮ್ಮದೇ!

ಅವನು ಗಾಡಿ ವಾಪಸು ಕೊಟ್ಟದ್ದು ಶುಕ್ರವಾರ. ಅವನಿಗೆ ಜುಮ್ಮಾ ನಮಾಜಿಗೆ ಮುಂಚೆ ಕೆಲಸ ಮುಗಿಸಬೇಕು. ನಮ್ಮ ಅತ್ತೆಗೆ ಹತ್ತೂವರೆಗೆ ರಾಹುಕಾಲ ಶುರುವಾಗುವುದರೊಳಗೆ ಗಾಡಿ ಹೊರಡಬೇಕು. ಎರಡು ಧರ್ಮದ ಅವಸರ ಸೇರಿದರೆ ನನ್ನಂಥವಳು ಎಲ್ಲಿಗೆ ಹೋಗಬೇಕು? ಬಾಗಿಲು ಒಮ್ಮೆ ತೆಗೆದು ಹಾಕಿ ನೋಡೋಣ ಅಂತ ಕೈ ಚಾಚಿದೆ.

"ಬಣ್ಣ ಇನ್ನಾ ಹಸಿ ಅದ ಮೇಡಂ, ಕೈ ಹಚ್ಚಬ್ಯಾಡ್ರಿ" ಎಂದ ಯೂಸುಫ್ ಭಾಯಿ.

"ಏ ನಡೀ, ಟೈಮ್ ಆತು" ಎಂದರು ಅತ್ತೆ.

ಕಾಯಿ ಒಡೆದೆ. ಎರಡೂ ಹೋಳು ಸಮ ಬಂದವು ಅಂತ ಅತ್ತೆಗೆ ಖುಷಿಯೋ ಖುಷಿ.

ಬಸ್ ಸ್ಟ್ಯಾಂಡ್ ಬಳಿಯ ಗುಂಡಿಗೆ ಚಕ್ರ ಇಳಿದಾಗ 'ಟಕ್' ಅಂತು. ಒಳಗಿನ ದೀಪ ಹೊತ್ತಿತು, ಆರಿತು. ಬಾಗಿಲು ತೆರೆದರೆ ಹೊತ್ತುವ ದೀಪ ಅದು. ಮುಂದಿನ ಗುಂಡಿಗೆ ಮತ್ತೆ ಟಕ್, ಮತ್ತೆ ದೀಪ. ಹಗಲಲ್ಲೇ ಕಾರಿನೊಳಗೆ ಮಿಂಚು!

ಸಂಜೆ ಬ್ಯಾಂಕಿನ ಕೆಲಸ ಮುಗಿಸಿ ಮತ್ತೆ ಶೆಡ್ಡಿಗೆ ಹೋದೆ. ಅವನು ಬಾಗಿಲನ್ನು ಧಡಾರ್ ಅಂತ ಹಾಕಿ ತೋರಿಸಿದ.

"ಹೊಸಾ ರಬ್ಬರ್ ಹಾಕೀನ್ರಿ. ಎರಡ ದಿನ ಆದಮ್ಯಾಲ ತಾನಾ ಕುಂತ್ಕೋತದ. ಫಿಕರ್ ಮಾಡಬ್ಯಾಡ್ರಿ, ಸಬ್ ಸೆಟ್ ಹೈ."

"ದೀಪ ಯಾಕ ಹತ್ತತದ?"

"ಅದು ವೈರಿಂಗ್ ಮೇಡಂ, ನಮ್ದಲ್ಲ. ಮತ್ತ... ಕಾಯಿ ಒಡದೀರಿ ಅಲ?"

ನೋಡಿದಿರಾ?

ಶನಿವಾರ ಹೋದರೆ ಶೆಡ್ಡಿಗೆ ಬೀಗ. ಪ್ರತ್ಯೇಕ ರಾಜ್ಯಕ್ಕಾಗಿ ತೆಲಂಗಾಣ ಬಂದ್. ಒಂದಲ್ಲ, ಎರಡು ದಿನ. ಬಸ್ಸುಗಳಂತೂ ಆಗಲೇ ಮುಷ್ಕರದಲ್ಲಿದ್ದವು. ಊರಿನ ಆಟೋಗಳೂ ನಿಂತವು. ನಮಗೋ ಭಾನುವಾರ ಅಕ್ಕುವಿನ ಜವಳ. ಬಶೀರಾಬಾದ್ ಹತ್ತಿರದ ನನ್ನ ತವರಿನಲ್ಲಿ, ಮೈಲಾರಲಿಂಗನ ವಾರ, ಸೋದರಮಾವನ ತೊಡೆಯ ಮೇಲೆ ಮೊದಲ ಕೂದಲು ತೆಗೆಯಬೇಕು. ಸೋದರಮಾವ ಅಂದರೆ ನನ್ನಣ್ಣ ಮಲ್ಲಣ್ಣ. ವರ್ಷಕ್ಕೆರಡು ಸಲ ಹಿಂಡಿಗೆ ಹಿಂಡೇ ಉಣ್ಣೆ ಕತ್ತರಿಸುವ ಕೈ ಅವನದು. ಆದರೂ ಸೊಸೆಯ ಕೂದಲಿಗೆ ಹೊಸ ಕತ್ತರಿ ತಂದಿಟ್ಟು ಕಾಯುತ್ತಿದ್ದ.

ಶನಿವಾರ ಇಡೀ ದಿನ ಮನೆಯಲ್ಲಿ ಚರ್ಚೆ. ಯಜಮಾನರು ಬೇಡವೇ ಬೇಡ ಎಂದರು. ನನಗೂ ಬೇಡ ಅನಿಸುತ್ತಿತ್ತು. ಕಣ್ಣು ಮುಚ್ಚಿದರೆ ಸಾಕು, ತಾಂಡೂರು ರಸ್ತೆ, ಎದುರಿಗೆ ಕಲ್ಲುಹಾಸು ಹೇರಿಕೊಂಡ ಲಾರಿ, ಒಂದು ಗುಂಡಿ, ಒಂದು ಟಕ್. ಅದರಾಚೆ ಯೋಚಿಸಲು ನನ್ನಿಂದ ಆಗಲಿಲ್ಲ. ಆದರೆ ಅತ್ತೆ ಮಣಿಯಲಿಲ್ಲ. "ದೇವರ ಹೆಸರಲೆ ಬಿಟ್ಟ ಕೂದಲಾ. ಮೂರು ತುಂಬೂದರಾಗ ತೆಗೀಬೇಕು. ಮುಂದ ಮುಹೂರ್ತ ಇಲ್ಲ" ಎಂದು ಟ್ರಂಕಿನಿಂದ ಸೀರೆ ತೆಗೆದರು. "ಇದು ಹರಿಯಂಗಿಲ್ಲ. ನನ್ನ ಮದವಿ ಸೀರಿ."

ನಲವತ್ತು ವರ್ಷದ ಹಿಂದಿನ ನೇಯ್ಗೆಯ ಮೇಲೆ ಇದ್ದ ನಂಬಿಕೆ ಮೊನ್ನೆಯ ರಿಪೇರಿ ಮೇಲೆ ಯಾರಿಗೂ ಇರಲಿಲ್ಲ. ಹೊರಟೆವು.

ಊರ ಹೊರಗೇ ರಸ್ತೆ ತಡೆ. ಚಳವಳಿಯವರು ನಡುರಸ್ತೆಯಲ್ಲಿ ಒಲೆ ಹೂಡಿ ಅನ್ನ ಬೇಯಿಸುತ್ತಿದ್ದರು. ಗುಲಾಬಿ ರುಮಾಲು, ತಮಟೆಯಂಥ ಡಪ್ಪಿನ ಸದ್ದು, ಜೈ ತೆಲಂಗಾಣ ಕೂಗು. ಒಬ್ಬರು ಮೈಕಿನಲ್ಲಿ, ರಾಜ್ಯ ಬಂದರೆ ನೀರು, ನೌಕರಿ, ರಸ್ತೆ ಎಲ್ಲ ಸರಿಹೋಗುತ್ತದೆ ಎನ್ನುತ್ತಿದ್ದರು. ಗಾಡಿ ನಿಲ್ಲಿಸಿದೆ. ಜಮಖಾನದ ಮೇಲೆ, ಆಟೋದವರ ನಡುವೆ, ಚಹಾದ ಲೋಟ ಹಿಡಿದು ಕೂತವರು ಯಾರು? ನಮ್ಮ ಯೂಸುಫ್ ಭಾಯಿ! ಬಂದ್ ದಿನ ಮೆಕ್ಯಾನಿಕ್ ಇನ್ನೆಲ್ಲಿ ಇರುತ್ತಾನೆ ಹೇಳಿ? ಹಿಂದಿನ ದಿನ ಅವನ ಶಟರಿಗೆ ಸುಮ್ಮನೆ ಬಡಿದ ನನ್ನ ಬುದ್ಧಿಗಿಷ್ಟು.

ಇಳಿದು ಹೋದೆ.

"ಭಾಯಿ, ಬಾಗಲಿಗಿ ಸೀರಿ ಕಟಗೊಂಡು ಹೊಂಟೀನಿ. ಬಂದು ನೋಡ್ರಿ."

ಬಂದ. ಸೀರೆ ನೋಡಿ ನಕ್ಕ. "ಯಾಕ್ರಿ ಅಮ್ಮಾ, ಇಷ್ಟ ಅಂಜಿಕಿ? ಸಬ್ ಸೆಟ್ ಹೈ ಅಂದೀನಲ."

ಆಗ ಅತ್ತೆ ಒಂದು ಕೆಲಸ ಮಾಡಿದರು. ಸೀರೆಯ ಗಂಟು ಬಿಚ್ಚಿದರು. ಆ ಕಡೆಯ ಸೀಟಿನಿಂದ ಸರಿದು ಜಾಗ ಮಾಡಿಕೊಟ್ಟರು. ಅಕ್ಕುವನ್ನು ಎತ್ತಿ ಅವನ ಕೈಗೆ ಕೊಟ್ಟರು.

"ಬಾ ತಮ್ಮಾ. ಈ ಕೂಸಿನ್ನ ತೊಡಿಮ್ಯಾಲ ಕುಂಡ್ರಿಸಿಕೊಂಡು, ಬಾಗಲಿಗಿ ಒರಗಿ ಕುಂಡ್ರು. ತಾಂಡೂರತನಾ ಬಾ. ನನ್ನ ಸೊಸಿ ಗಾಡಿ ಹೊಡೀತಾಳ."

ಅಕ್ಕು ಅವನ ಗಡ್ಡ ಹಿಡಿದಳು. ಅವನು ಮಗುವನ್ನು ನೋಡಿದ. ಬಾಗಿಲನ್ನು ನೋಡಿದ. ಮತ್ತೆ ಮಗುವನ್ನು ನೋಡಿದ.

ಅವನು ಕೂರಲಿಲ್ಲ. ಮಗುವನ್ನು ಮೆಲ್ಲಗೆ ನನ್ನ ಕೈಗೆ ವಾಪಸು ಕೊಟ್ಟ.

ಎರಡು ದಿನದಿಂದ ನನ್ನದು ಬರೀ ಹೆದರಿಕೆ ಇರಬಹುದು, ಅವನು ಹೇಳುವುದೇ ನಿಜ ಇರಬಹುದು ಎಂಬ ಒಂದು ಆಸೆ ಇತ್ತು ನೋಡಿ, ಅದೂ ಹೋಯಿತು.

"ಶೆಡ್ಡಿಗಿ ನಡೀರಿ" ಎಂದ.

ರುಮಾಲಿನ ಮುಖಂಡನೊಬ್ಬ ಅಡ್ಡ ಬಂದ. ಬಂದ್ ದಿನ ಶಟರ್ ತೆಗೆಯುವಂತಿಲ್ಲ. ಅತ್ತೆ ಅವನನ್ನೂ ಬಿಡಲಿಲ್ಲ. "ಅರ್ಧಾ ತೆಗೀತಾನ. ಇನ್ನರ್ಧ ಬಂದ್ ಇರ್ಲಿ!" ಎಲ್ಲರೂ ನಕ್ಕರು. ಅವನೂ ನಕ್ಕು "ಪೋನೀಲೆಮ್ಮಾ", ಹೋಗಲಿ ಬಿಡಮ್ಮ ಎಂದು ದಾರಿ ಬಿಟ್ಟ.

ಅರ್ಧ ತೆರೆದ ಶಟರಿನ ಕೆಳಗೆ ಬಗ್ಗಿ ಒಳಗೆ ಹೋಗಿ ಯೂಸುಫ್ ಭಾಯಿ ಸಾಮಾನು ತಂದ. ಬಾಗಿಲ ಚಿಲಕ ಕಚ್ಚುವ ಕಂಬವನ್ನು ಸ್ಕ್ರೂ ಡ್ರೈವರಿನಿಂದ ಚುಚ್ಚಿದ. ಬಣ್ಣ ಹಪ್ಪಳದಂತೆ ಎದ್ದು ಬಂತು. ಅದರಡಿ ಬಿಳಿ ಪುಡಿ. ಗೋಡೆಯ ಬಿರುಕಿಗೆ ಮೆತ್ತುತ್ತಾರಲ್ಲ, ಅಂಥದೇ ಲಪ್ಪಂ. ಕಂಬ ಬಾಗಿದ್ದು ಬಾಗಿದ ಹಾಗೇ ಇದೆ. ತಗ್ಗಿಗೆ ಲಪ್ಪಂ ಮೆತ್ತಿ, ಉಜ್ಜಿ, ಮೇಲೆ ಬಣ್ಣ ಹೊಡೆದಿದ್ದಾರೆ. ನನ್ನ ಮಗಳು ಬಾಗಿಲಿಗೆ ಒರಗಿದ್ದರೆ ಆ ಪುಡಿಗೇ ಒರಗುತ್ತಿದ್ದಳು.

"ಹುಡುಗೂರು ಮಾಡ್ಯಾರ್ರಿ" ಎಂದ, ತಲೆ ಎತ್ತದೆ.

(ಈ ದೇಶದಲ್ಲಿ ಕೆಟ್ಟ ಕೆಲಸವನ್ನೆಲ್ಲ 'ಹುಡುಗರು' ಮಾಡಿರುತ್ತಾರೆ. ಆ ಹುಡುಗರನ್ನು ಯಾರಾದರೂ ಕಂಡಿದ್ದೀರಾ?)

ಕಂಬ ಎಳೆದು ನೇರ ಮಾಡುವುದು ಒಂದು ದಿನದ ಕೆಲಸವಲ್ಲ ಎಂದ. ಗ್ಯಾಸ್ ವೆಲ್ಡಿಂಗ್ ಹಚ್ಚಿ ಬಾಗಿಲನ್ನು ಎರಡು ಕಡೆ ಕಂಬಕ್ಕೇ ಬೆಸೆದುಬಿಟ್ಟ. ಸದ್ಯಕ್ಕೆ ಅದು ಬಾಗಿಲಲ್ಲ, ಗೋಡೆ. ಥಳಥಳ ಬಣ್ಣ ಸುಟ್ಟು ಅಂಗೈಯಗಲ ಕರಿ ಮಚ್ಚೆ. ನೋಡಲು ಅಸಹ್ಯ.

ಆಮೇಲೆ ಒಳಗಿನಿಂದ ಒಂದು ಕಾಯಿ ತಂದ. ಅತ್ತೆ ಕೈ ಅಡ್ಡ ಹಿಡಿದರು.

"ಮೊದಲ ನೀ ಕುಂಡ್ರು."

ಈ ಸಲ ಅವನೇ ಕೈ ಚಾಚಿ ಅಕ್ಕುವನ್ನು ಎತ್ತಿಕೊಂಡ. ಬಲಬಾಗಿಲಿನಿಂದ ಹತ್ತಿ, ಸರಿದು, ಎಡಬಾಗಿಲಿಗೆ ಭುಜ ಕೊಟ್ಟು ಕೂತ. ನಾನು ಹಾಳುಬಿದ್ದ ರಸ್ತೆಯನ್ನೇ ಹುಡುಕಿ, ಬೇಕಂತಲೇ ಗುಂಡಿಗಿಳಿಸುತ್ತಾ ಒಂದು ಸುತ್ತು ಹಾಕಿದೆ. ಕನ್ನಡಿಯಲ್ಲಿ ನೋಡಿದರೆ ಅವನ ಹಣೆ ಬೆವೆತಿತ್ತು. ಎರಡೂ ಕೈ ಮಗುವಿನ ಸುತ್ತ ಬಿಗಿದಿದ್ದವು. ದೀಪ ಹೊತ್ತಲಿಲ್ಲ.

ಆಗ ಒಡೆದೆವು ಕಾಯಿ. ರಾಹುಕಾಲವೋ ಗುಳಿಕಕಾಲವೋ ಯಾರೂ ಕೇಳಲಿಲ್ಲ.

ತವರು ಮುಟ್ಟುವಷ್ಟರಲ್ಲಿ ಮುಹೂರ್ತ ದಾಟಿಹೋಗಿತ್ತು. ಮಲ್ಲಣ್ಣ ಕತ್ತರಿ ಹಿಡಿದು ಕಟ್ಟೆಯ ಮೇಲೇ ಕೂತಿದ್ದ. ತಡವಾಯಿತು ಅಂತ ನಾನು ಅಳುಮುಖ ಮಾಡಿದರೆ, "ಕುರಿ ಕಾಯಾವಗ ಕಾಯೂದೇನು ಹೊಸಾದಾ ತಂಗಿ? ಕೂಸು ಬಂತಲ, ಆತು" ಎಂದ. ಅಕ್ಕು ಅವನ ತೊಡೆಯ ಮೇಲೆ ಊರು ಕೇಳುವಂತೆ ಅತ್ತಳು. ಆ ಅಳು ಕೇಳಿ ನನಗೆ ಎಷ್ಟು ನೆಮ್ಮದಿಯಾಯಿತು ಅಂದರೆ, ನಾನೂ ಅತ್ತುಬಿಟ್ಟೆ.

ಈಗ ಬ್ಯಾಂಕಿನ ಮುಂದೆ ಗಾಡಿ ನಿಲ್ಲಿಸಿದರೆ ಸಹೋದ್ಯೋಗಿಗಳು ಸುತ್ತ ಸೇರುತ್ತಾರೆ. "ಅಯ್ಯೋ ಮೇಡಂ, ಮೊನ್ನೆ ಎಷ್ಟ ಛಂದ ಇತ್ತು, ಏನಾತು?" ಶುಕ್ರವಾರ ಇವರೇ ಬಣ್ಣ ಸವರಿ, ಯಾರ ಕೈಲಿ ಮಾಡಿಸಿದಿರಿ ಎಂದು ಯೂಸುಫ್ ಭಾಯಿಯ ಹೆಸರು ಕೇಳಿಕೊಂಡು ಹೋಗಿದ್ದರು. ಬಾಗಿಲು ಜೀವ ತೆಗೆಯುವಂತಿದ್ದಾಗ ಎಲ್ಲರಿಗೂ ಛಂದ, ಗಟ್ಟಿಯಾದ ಮೇಲೆ ಎಲ್ಲರಿಗೂ ಕನಿಕರ!

ನನ್ನ ಕಳವಳ ಮುಗಿದಿಲ್ಲ ಬಿಡಿ. ತೆರೆದುಕೊಳ್ಳುವ ಬಾಗಿಲಿನ ಚಿಂತೆ ಹೋಗಿ ತೆರೆಯದ ಬಾಗಿಲಿನ ಚಿಂತೆ ಬಂದಿದೆ. ಬೆಂಕಿ ಹತ್ತಿದರೆ ಅತ್ತೆ ಎಲ್ಲಿಂದ ಇಳಿಯಬೇಕು? ಯೂಸುಫ್ ಭಾಯಿ ಮುಂದಿನ ವಾರ ಕಂಬ ನೇರ ಮಾಡಿಕೊಡುತ್ತೇನೆ, ಎಲ್ಲ ಸೆಟ್ ಆಗುತ್ತದೆ ಎಂದಿದ್ದಾನೆ. ಮೈಕಿನವರೂ ಹೊಸ ರಾಜ್ಯದ ಬಗ್ಗೆ ಅದನ್ನೇ ಹೇಳುತ್ತಿದ್ದಾರೆ. ಆಗಲಿ, ಎಲ್ಲವೂ ಆಗಲಿ, ನನಗೂ ಬೇಕು.

ಆದರೆ ಕಾಯಿ ಒಡೆಯುವ ಮುಂಚೆ ಒಂದೇ ಪ್ರಶ್ನೆ: ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಬಾಗಿಲ ಪಕ್ಕ ಕೂರುವವರು ಯಾರು?