ಐದು ವಿಷಯದ ಹುಡುಗಿಗೆ ಸೀಟು ಸಿಕ್ಕಿತು

ಗೆಳತಿಯರೇ, ಇವತ್ತು ನಾನು ಬಾಯಿ ಬಿಡದೆ ಕುಳಿತಿದ್ದೆ ಎಂಬುದನ್ನು ಬರೆಯದೆ ಬಿಡೋಣ ಎಂದುಕೊಂಡಿದ್ದೆ. ಬಿಟ್ಟರೆ ಗೆಲುವು ನನ್ನದೆಂದು ತಿಳಿದುಬಿಡುತ್ತೀರಿ.

ಕಾಲೇಜಿಗೆ ಹುಡುಗಿಯರನ್ನು ಆರಿಸುವ ಸಮಿತಿ ಹಿಂದೂಪುರಕ್ಕೆ ಬಂದಿತ್ತು. ಕಲ್ಯಾಣದುರ್ಗದಿಂದ ನಮ್ಮಣ್ಣನ ಮಗಳು ಸರೋಜಳೂ ಬಂದಿದ್ದಳು; ಅವಳ ಜೊತೆಗೆ ನಾನೂ ಒಳಗೆ ಹೋಗಿದ್ದೆ. ಉಳಿದದ್ದು ಒಂದೇ ಸೀಟು. ಅವಳ ಶಾಲೆಯಲ್ಲಿ ಐದೇ ವಿಷಯಕ್ಕೆ ಪರೀಕ್ಷೆ, ಇಲ್ಲಿಯವರಿಗೆ ಆರು.

"ನಿನ್ನ ಒಟ್ಟು ಮಾರ್ಕು ಕಮ್ಮಿ ಕಣಮ್ಮ, ಮುಂದಿನ ವರ್ಷ ನೋಡಾನ," ಎಂದರು ಸಮಿತಿಯಲ್ಲಿದ್ದ ಹುಣಸೆಹಣ್ಣಿನ ಮಂಡಿಯ ಸಾಹುಕಾರರು. ಮುಂದಿನ ವರ್ಷದ ಹೊತ್ತಿಗೆ ಅಣ್ಣ ಅವಳ ಮದುವೆಯನ್ನೇ ಮಾಡಿಬಿಡುತ್ತಾನೆ.

ಸಮಿತಿಯವರಿಗೆ ಅವಳ ಪರವಾಗಿ ಹೇಳಲು ನಾನು ಇನ್ನೂ ಇಂಗ್ಲಿಷಿನಲ್ಲಿ ವಾಕ್ಯ ಜೋಡಿಸುತ್ತಿದ್ದೆ. ಸರೋಜ ಕೇಳಿಯೇಬಿಟ್ಟಳು: "ಸಾಹುಕಾರ್ರೇ, ಒಬ್ಬ ಆರು ಮೂಟೆ ಹುಣಸೆಹಣ್ಣು ತಂದ, ಇನ್ನೊಬ್ಬ ಐದು ತಂದ. ಆರು ಮೂಟೆ ತೂಕ ಜಾಸ್ತಿ ಬಂತು ಅಂತ ಅದೇ ಒಳ್ಳೆ ಹಣ್ಣು ಅಂತೀರಾ?"

"ಅದೆಂಗಾಯ್ತದೆ? ಮೂಟೆ ಬಿಚ್ಚಿ ಹಣ್ಣು ನೋಡ್ಬೇಕು!"

"ಹಂಗಾದ್ರೆ ನನ್ ಮೂಟೆನೂ ಬಿಚ್ಚಿ ನೋಡಿ."

ಸಾಹುಕಾರರು ಹೊಟ್ಟೆ ಕುಲುಕಿಸಿ ನಕ್ಕರು. "ಏಂ ನೋರಮ್ಮಾ ನೀದಿ! ಬಾಯಿ ಅಂದ್ರೆ ಬಾಯಿ! ಪ್ರಿನ್ಸಿಪಾಲ್ರೇ, ಭಾಗಿಸಿ ನೋಡಿ ಸ್ವಾಮಿ."

ಸಮಿತಿಯಲ್ಲೇ ಇದ್ದ ಕಾಲೇಜಿನ ಪ್ರಿನ್ಸಿಪಾಲರು ಪ್ರತಿಯೊಬ್ಬಳ ಒಟ್ಟು ಅಂಕವನ್ನೂ ಅವಳು ಬರೆದ ವಿಷಯಗಳ ಸಂಖ್ಯೆಯಿಂದ ಭಾಗಿಸಿದರು. ಸರಾಸರಿಯಲ್ಲಿ ಸರೋಜಳೇ ಎಲ್ಲರಿಗಿಂತ ಮುಂದು. ಸೀಟು ಅವಳಿಗೇ!

ಹೊರಗೆ ಬಂದ ಮೇಲೆ, "ಅತ್ತೆ, ನೀವು ಏನೋ ಹೇಳಕ್ಕೆ ಹೋಗಿದ್ರಲ್ಲ?" ಎಂದಳು. ನೆನಪಿಲ್ಲ ಎಂದೆ.

ಒಂದು ರಾತ್ರಿ ಕಳೆದರೆ ಅವಳ ಬಗೆಗಿನ ಹೆಮ್ಮೆ ಸ್ವಲ್ಪ ಇಳಿದೀತೆಂದು ಈ ಕಾಗದವನ್ನು ಇಟ್ಟುಕೊಂಡಿದ್ದೇನೆ. ಇಳಿಯದಿದ್ದರೂ ನಾಳೆ, ಜೂನ್ ಹದಿನಾಲ್ಕರಂದು, ಟಪಾಲಿಗೆ ಹಾಕುತ್ತೇನೆ.